ಹಾರೆಯ ತುದಿ ತಗ್ಗಿನಲ್ಲಿ ಸರಿಯಾಗಿ ಕೂತರೆ ಅದೇ ಹಾರೆ ಅಂತ ಸಾಬೀತಾಗುತ್ತಾ?

ತೆಂಗಿನ ತೋಟ
ಭಾನುವಾರ, ಬೆಳಿಗ್ಗೆ 9:10

ಹೋದ ವಾರ ಊರಿನ ನಮ್ಮ ಮನೆಯಲ್ಲಿ ಕಳ್ಳತನ ಆಯಿತು. ಅಪ್ಪ ಅಮ್ಮ ಮದುವೆಗೆ ಹೋಗಿದ್ದರು. ಹಿತ್ತಲ ಬಾಗಿಲ ಚಿಲಕವನ್ನು ಯಾವುದೋ ಕಬ್ಬಿಣ ಹಾಕಿ ಮೀಟಿ ಕಿತ್ತಿದ್ದಾರೆ. ಚೌಕಟ್ಟಿನ ಮರದಲ್ಲಿ ಎರಡು ಬೆರಳಗಲದ ತಗ್ಗು ಬಿದ್ದಿದೆ.

ಮಾರನೇ ದಿನ ಕೆರೆ ಏರಿಯ ಹತ್ತಿರ ಒಂದು ಸಣ್ಣ ಹಾರೆ ಸಿಕ್ಕಿತು. ವಿಚಾರಣೆಗೆ ಬಂದವರು ಅದನ್ನು ತಂದು, ನಮ್ಮೆಲ್ಲರ ಎದುರಿಗೇ ತುದಿಯನ್ನು ಆ ತಗ್ಗಿನೊಳಗೆ ಇಟ್ಟು ನೋಡಿದರು. ಸರಿಯಾಗಿ ಕೂತಿತು. "ನೋಡಿ, ಇದೇ" ಅಂದರು. ನೆರೆದವರೆಲ್ಲ ತಲೆಯಾಡಿಸಿದರು.

ಆ ಹಾರೆ ನಮ್ಮ ಬೀದಿಯಲ್ಲಿ ಗಾರೆ ಕೆಲಸಕ್ಕೆ ಬರುವ ಒಬ್ಬ ಹುಡುಗನದು ಅಂತ ಹೇಳುತ್ತಿದ್ದಾರೆ. ಅಪ್ಪನಿಗೆ ಅವನು ಚೆನ್ನಾಗಿ ಗೊತ್ತು. ಅವನಲ್ಲ ಅನ್ನುತ್ತಾರೆ. ಅಮ್ಮನ ಒಡವೆ ಹೋಗಿದೆ, ಕಳ್ಳ ಸಿಗಲಿ ಅನ್ನೋದು ನನಗೂ ಇದೆ. ಆದರೆ ಹೀಗೆ ಕೂರಿಸಿ ನೋಡಿ ಒಬ್ಬನನ್ನು ಕಳ್ಳ ಅನ್ನಬಹುದಾ? ಗೊತ್ತಿದ್ದವರು ಹೇಳಿ.

ಲ್ಯಾಬ್ ಮೇಷ್ಟ್ರು
ಭಾನುವಾರ, 10:02

ಮೊದಲು ಒಂದು ಮಾತು. ಇನ್ನು ಮುಂದೆ ಯಾರೂ ಆ ತಗ್ಗಿಗೆ ಏನನ್ನೂ ಇಡಬಾರದು. ಬೆರಳು ಕೂಡ ಬೇಡ. ಇಟ್ಟು ನೋಡಿದ್ದೇ ದೊಡ್ಡ ತಪ್ಪು.

ನಾನು ಸುಮಾರು ವರ್ಷ ಇದೇ ಕೆಲಸ ಮಾಡಿದವನು. ಹೊಸಬರು ಬಂದರೆ ನಾವು ಕಲಿಸುತ್ತಿದ್ದ ಮೊದಲ ಪಾಠವೇ ಇದು: ಆಯುಧವನ್ನು ಗುರುತಿನ ಹತ್ತಿರ ಒಯ್ಯಬೇಡ. ನಾವು ಹುಡುಕೋದು ಕೂದಲೆಳೆಗಿಂತ ತೆಳ್ಳಗಿನ ಗೀರುಗಳನ್ನು. ಹಾರೆಯ ತುದಿ ಒಂದು ಸಲ ಒಳಗೆ ಹೋದರೆ ಆ ಗೀರು ಅಳಿಸುತ್ತದೆ, ಇಲ್ಲವೇ ಹೊಸ ಗೀರು ಬೀಳುತ್ತದೆ. ಆಮೇಲೆ ಯಾವುದು ಕಳ್ಳತನದ ರಾತ್ರಿಯದು, ಯಾವುದು ಮಾರನೇ ದಿನದ್ದು ಅಂತ ಯಾರೂ ಬಿಡಿಸಿ ಹೇಳೋಕಾಗಲ್ಲ.

ಇನ್ನೊಂದು ವಿಷಯ. ನಿಮ್ಮ ಚೌಕಟ್ಟಿಗೆ ಬಣ್ಣ ಹೊಡೆದಿದ್ದರೆ, ಅದರ ಚೂರು ಆ ಹಾರೆಯ ತುದಿಗೆ ಅಂಟಿರಬಹುದು. ಕಳ್ಳತನದಲ್ಲಿ ಅಂಟಿದ್ದರೆ ಅದು ಒಳ್ಳೆಯ ಸಾಕ್ಷಿ. ಆದರೆ ಈಗ? ಎಲ್ಲರ ಎದುರಿಗೆ ಇಟ್ಟು ನೋಡಿದಾಗಲೇ ಅಂಟಿತು ಅಂತ ಯಾರಾದರೂ ಹೇಳಿದರೆ ಉತ್ತರ ಇಲ್ಲ.

ಕೂತಿತು ಅನ್ನೋದರ ಅರ್ಥ ಇಷ್ಟೇ. ಹಾರೆಯ ಅಗಲ, ತಗ್ಗಿನ ಅಗಲ ಹೆಚ್ಚೂಕಡಿಮೆ ಒಂದೇ. ಆ ಅಳತೆಯ ಹಾರೆ ನಿಮ್ಮ ಊರಿನಲ್ಲೇ ಎಷ್ಟು ಇವೆ ಹೇಳಿ? ಲ್ಯಾಬಿನಲ್ಲಿ ಇದಕ್ಕೆ ಕ್ಲಾಸ್ ಲಕ್ಷಣ ಅನ್ನುತ್ತೇವೆ. ಅಳತೆ, ಆಕಾರ, ಅಂಚು ಚಪ್ಪಟೆಯೋ ಗುಂಡೋ, ಅಷ್ಟು. ಅಳತೆ ಹೊಂದದಿದ್ದರೆ ಆ ಹಾರೆಯನ್ನು ಧೈರ್ಯವಾಗಿ ಪಕ್ಕಕ್ಕಿಡಬಹುದು. ಹೊಂದಿದರೆ ಅದೇ ಅಂತ ಹೇಳೋಕಾಗಲ್ಲ.

ಮನೆಯೊಳಗೆ ಬೇರೆ ಕಡೆ ಎಲ್ಲಾದರೂ ಮೀಟಿದ ಗುರುತು ಇದೆಯಾ? ಬೀರು, ಪೆಟ್ಟಿಗೆ, ಕಿಟಕಿ? ನೋಡಿ ಹೇಳಿ. ಕಣ್ಣಲ್ಲಿ ನೋಡಿ ಅಷ್ಟೇ, ಮುಟ್ಟಬೇಡಿ.

ಉಳಿ ಸುತ್ತಿಗೆ
ಭಾನುವಾರ, 11:30

ನಾನು ಬಡಗಿ. ಅಪ್ಪ, ತಾತ ಎಲ್ಲ ಇದೇ ಕೆಲಸ. ಮೇಷ್ಟ್ರು ಹೇಳಿದ್ದು ನಮಗೆ ದಿನಾ ಕಾಣೋ ವಿಷಯ. ಹಲಗೆ ನಯ ಮಾಡುವ ತೋಪಡದ ಅಲಗಿನಲ್ಲಿ ಒಂದು ಸಣ್ಣ ಮುಕ್ಕು ಇದ್ದರೆ, ಎಳೆದ ಹಲಗೆ ಉದ್ದಕ್ಕೂ ಅದು ಒಂದು ಏಣು ಬಿಡುತ್ತದೆ. ಬೆರಳು ಸವರಿದರೆ ಗೊತ್ತಾಗುತ್ತದೆ. ನಮ್ಮ ಅಂಗಡಿಯಲ್ಲಿ ಮೂರು ತೋಪಡ ಇವೆ, ಯಾವ ಹಲಗೆಗೆ ಯಾವುದು ಹೊಡೆದಿದ್ದು ಅಂತ ನಾನು ಹೇಳಬಲ್ಲೆ. ಆದರೆ ಸಾಣೆ ಹಿಡಿದ ಮೇಲೆ ಹೇಳಲಾರೆ. ಮುಕ್ಕು ಹೋಗಿ ಹೊಸ ಅಂಚು ಬಂದಿರುತ್ತದೆ.

ಹಾಗಾದರೆ ಕಳ್ಳ ಸಾಣೆ ಹಿಡಿದುಬಿಟ್ಟರೆ ನಿಮ್ಮ ಪರೀಕ್ಷೆ ಏನೂ ಉಪಯೋಗಕ್ಕೆ ಬರಲ್ಲ, ಅಲ್ವಾ ಮೇಷ್ಟ್ರೇ?

ಲ್ಯಾಬ್ ಮೇಷ್ಟ್ರು
ಭಾನುವಾರ, 12:15

ನಿಜ. ಸಾಣೆ ಹಿಡಿದರೂ ಅಷ್ಟೇ, ಸುಮ್ನೆ ನಾಲ್ಕು ತಿಂಗಳು ಕಲ್ಲು ಮೀಟಿದರೂ ಅಷ್ಟೇ. ಆಯುಧ ಬೇಗ ಕೈಗೆ ಸಿಗಬೇಕು ಅನ್ನೋದು ಅದಕ್ಕೇ.

ನೀವು ಹೇಳಿದ ಮುಕ್ಕೇ ಈ ವಿದ್ಯೆಯ ಬೇರು. ಒಂದು ಸ್ಕ್ರೂಡ್ರೈವರ್ ತಯಾರಾಗುವಾಗ ಅದರ ತುದಿಯನ್ನು ಸಾಣೆಕಲ್ಲಿಗೆ ಹಿಡಿಯುತ್ತಾರೆ. ಕಲ್ಲಿನ ಹರಳುಗಳು ಪ್ರತಿ ಕ್ಷಣ ಉದುರುತ್ತಾ ಹೊಸದಾಗುತ್ತಾ ಇರುತ್ತವೆ. ಹಾಗಾಗಿ ಒಂದರ ಹಿಂದೆ ಒಂದು ಬಂದ ಎರಡು ಸ್ಕ್ರೂಡ್ರೈವರ್‌ಗಳ ತುದಿಯೂ ಸೂಕ್ಷ್ಮದರ್ಶಕದಲ್ಲಿ ಬೇರೆ ಬೇರೆ ಕಾಣುತ್ತವೆ. ಮೇಲಿಂದ ಬಳಕೆಯ ಸವೆತ, ಮುಕ್ಕು. ಆದರೆ ಅಚ್ಚಿನಲ್ಲಿ ಒತ್ತಿ ತೆಗೆದು, ಹಾಗೇ ಮಾರುವ ಆಯುಧದ ಕಥೆ ಬೇರೆ. ಅಚ್ಚಿನಲ್ಲೇ ಒಂದು ಗೀರಿದ್ದರೆ ಆ ಅಚ್ಚಿನಿಂದ ಬಂದ ಎಲ್ಲಕ್ಕೂ ಅದೇ ಗೀರು. ಇದನ್ನು ಸಬ್‌ಕ್ಲಾಸ್ ಅನ್ನುತ್ತಾರೆ. ಅನುಭವ ಇದ್ದವರೂ ಎಡವುವುದು ಇಲ್ಲೇ.

ಪರೀಕ್ಷೆ ಹೇಗೆ ಅಂದರೆ, ಸಿಕ್ಕಿದ ಗುರುತಿಗೆ ಸಿಲಿಕಾನ್ ರಬ್ಬರ್ ಸುರಿದು ಅಚ್ಚು ತೆಗೆಯುತ್ತೇವೆ. ಆಯುಧದಿಂದ ಸೀಸದ ತಗಡಿನ ಮೇಲೆ ನಾವೇ ಗುರುತು ಮಾಡುತ್ತೇವೆ. ಸೀಸ ಯಾಕೆ? ಮೆತ್ತಗಿದೆ, ಆಯುಧದ ಅಂಚಿಗೆ ಪೆಟ್ಟಾಗಲ್ಲ. ಆಮೇಲೆ ಎರಡನ್ನೂ ಕಂಪ್ಯಾರಿಸನ್ ಮೈಕ್ರೋಸ್ಕೋಪಿನಲ್ಲಿ ಅಕ್ಕಪಕ್ಕ ಇಟ್ಟು, ಒಂದೇ ನೋಟದಲ್ಲಿ ಗೀರಿಗೆ ಗೀರು ಸೇರುತ್ತದಾ ನೋಡುತ್ತೇವೆ.

ಒಂದು ಗುರುತು ಮಾಡಿದರೆ ಸಾಲದು. ಅದೇ ತುದಿಯನ್ನು 30 ಡಿಗ್ರಿಗೆ ಹಿಡಿದು ಎಳೆದರೆ ಒಂದು ಥರ, 85 ಡಿಗ್ರಿಗೆ ಹಿಡಿದರೆ ಇನ್ನೊಂದು ಥರ. ಅಮೆರಿಕದ ಅಯೋವಾದಲ್ಲಿ ಸಾಲಾಗಿ ತಯಾರಾದ 50 ಸ್ಕ್ರೂಡ್ರೈವರ್ ತುದಿಗಳನ್ನು ತಗೊಂಡು ಕಂಪ್ಯೂಟರಿನಿಂದ ಹೋಲಿಸಿ ನೋಡಿದ್ದರು, 2010ರಲ್ಲಿ ಅದರ ವರದಿ ಬಂತು. ಒಂದೇ ಕೋನದಲ್ಲಿ ಮಾಡಿದ ಗುರುತುಗಳು ಹೊಂದಿದವು. ಕೋನ ದೂರ ದೂರ ಹೋದಾಗ ಒಂದೇ ಸ್ಕ್ರೂಡ್ರೈವರಿನ ಗುರುತೂ ಬೇರೆಯದರಂತೆ ಕಂಡಿತು. ಕಳ್ಳ ಯಾವ ಕೋನದಲ್ಲಿ ಹಿಡಿದಿದ್ದ ಅಂತ ನಮಗೆ ಯಾರು ಹೇಳಬೇಕು? ಹಾಗಾಗಿ ಹತ್ತಾರು ಕೋನದಲ್ಲಿ, ಎರಡೂ ಮಗ್ಗುಲಲ್ಲಿ ಎಳೆದು ನೋಡಬೇಕು. ಬೇಜಾರಿನ ಕೆಲಸ. ಆದರೆ ಒಬ್ಬ ಹುಡುಗ ಜೈಲಿಗೆ ಹೋಗೋದು ಬಿಡೋದು ಅದರ ಮೇಲಿರುತ್ತದೆ.

ಮ್ಯಾಡಿಸನ್ ಕನ್ನಡಿಗ
ಭಾನುವಾರ, ರಾತ್ರಿ 8:40

ತೋಪಡದ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ನಾನಿರುವ ಊರಿನಲ್ಲಿ ಅಮೆರಿಕದ ಅರಣ್ಯ ಇಲಾಖೆಯ ಫಾರೆಸ್ಟ್ ಪ್ರಾಡಕ್ಟ್ಸ್ ಲ್ಯಾಬೊರೇಟರಿ ಇದೆ. ಮರದ ಬಗ್ಗೆ ಸಂಶೋಧನೆ ಮಾಡುವ ಜಾಗ. ಅಲ್ಲಿ ಆರ್ಥರ್ ಕೋಹ್ಲರ್ ಅಂತ ಒಬ್ಬರಿದ್ದರು. ಆಯುಧದ ಗುರುತಿನ ವಿಷಯದಲ್ಲಿ ಅವರಷ್ಟು ತಾಳ್ಮೆಯಿಂದ ಕೆಲಸ ಮಾಡಿದವರು ಕಡಿಮೆ.

1932ರ ಮಾರ್ಚ್ 1ರ ರಾತ್ರಿ ನ್ಯೂಜೆರ್ಸಿಯ ಹೋಪ್‌ವೆಲ್ ಹತ್ತಿರ ವಿಮಾನಿ ಚಾರ್ಲ್ಸ್ ಲಿಂಡ್‌ಬರ್ಗ್ ಅವರ 20 ತಿಂಗಳ ಮಗುವನ್ನು ಯಾರೋ ಮಹಡಿಯ ಕಿಟಕಿಯಿಂದ ಎತ್ತಿಕೊಂಡು ಹೋದರು. ಆಮೇಲೆ ಮಗು ಶವವಾಗಿ ಸಿಕ್ಕಿತು. ಕಳ್ಳ ಬಿಟ್ಟು ಹೋಗಿದ್ದು ಮೂರು ತುಂಡಿನ ಒಂದು ಮರದ ಏಣಿ. ಕೈಯಲ್ಲೇ ಮಾಡಿದ್ದು, ಕೆಲಸ ಒರಟು. ಹತ್ತಿರದಲ್ಲೇ ಮುಕ್ಕಾಲು ಇಂಚಿನ ಒಂದು ಉಳಿಯೂ ಸಿಕ್ಕಿತ್ತು.

ಕೋಹ್ಲರ್ ಆ ಏಣಿಯನ್ನು ತುಂಡು ತುಂಡಾಗಿ ಬಿಚ್ಚಿ ನೋಡಿದರು. ಕೆಲವು ಹಲಗೆ ಮಿಲ್ಲಿನ ಪ್ಲೇನರ್ ಯಂತ್ರದಲ್ಲಿ ನಯ ಮಾಡಿದವು. ಪ್ಲೇನರಿನಲ್ಲಿ ಅಲಗು ಕೂರಿಸಿದ ತಲೆಗಳು ತಿರುಗುತ್ತವೆ, ಹಲಗೆ ಮುಂದಕ್ಕೆ ಸರಿಯುತ್ತದೆ. ಪ್ರತಿ ಅಲಗೂ ಒಂದು ಸಣ್ಣ ಅಲೆ ಬಿಡುತ್ತದೆ. ಒಂದು ಅಲಗಿನಲ್ಲಿ ದೋಷ ಇದ್ದರೆ ಆ ದೋಷ ಸುತ್ತಿಗೊಂದು ಸಲ ಮರಳಿ ಬರುತ್ತದೆ. ಹಾಗೆ ಎಣಿಸಿ ಅವರು ಕಂಡುಕೊಂಡಿದ್ದು ಇದು: ಆ ಯಂತ್ರದ ಮೇಲು ಕೆಳಗಿನ ತಲೆಯಲ್ಲಿ 8 ಅಲಗು, ಅಂಚು ಕೆರೆಯುವ ತಲೆಯಲ್ಲಿ 6 ಅಲಗು. ಅಂಥ ಯಂತ್ರ ಯಾರ ಬಳಿ ಇದೆ ಅಂತ ಕೇಳಿ 1500ಕ್ಕೂ ಹೆಚ್ಚು ಮಿಲ್ಲುಗಳಿಗೆ ಪತ್ರ ಹೋಯಿತು. ಹೌದು ಅಂದವು ಕೆಲವೇ. ಅವರಿಂದ ಹಲಗೆ ತುಂಡು ತರಿಸಿ ನೋಡಿದರು. ಸೌತ್ ಕೆರೊಲಿನಾದ ಮೆಕಾರ್ಮಿಕ್ ಊರಿನ ಡಾರ್ನ್ ಮಿಲ್ಲಿನ ತುಂಡು ಹೊಂದಿತು. ಅಲ್ಲಿಂದ ಯಾರ್ಯಾರಿಗೆ ಮಾಲು ಹೋಗಿತ್ತು ಅಂತ ಲೆಕ್ಕದ ಪುಸ್ತಕ ಹಿಡಿದು ಹೋದರು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಒಂದು ಮರದ ಅಂಗಡಿಗೆ ಬಂದು ನಿಂತರು. ಆಗ ಆರೋಪಿ ಯಾರು ಅಂತಲೇ ಯಾರಿಗೂ ಗೊತ್ತಿರಲಿಲ್ಲ!

1934ರ ಸೆಪ್ಟೆಂಬರಿನಲ್ಲಿ ಬ್ರೂನೋ ಹಾಪ್ಟ್‌ಮನ್ ಸಿಕ್ಕಿದ್ದು ಬೇರೆ ದಾರಿಯಲ್ಲಿ, ಮಗುವಿಗಾಗಿ ಕೊಟ್ಟಿದ್ದ ಒತ್ತೆ ಹಣದ ನೋಟಿನಿಂದ. ಅವನು ಬಡಗಿ. ಅದೇ ಮರದ ಅಂಗಡಿಯಲ್ಲಿ ಮರ ಕೊಂಡಿದ್ದ, ಕೆಲಸವನ್ನೂ ಮಾಡಿದ್ದ. ಅವನ ಮನೆಯಲ್ಲಿ ಒಂದು ಕೈ ತೋಪಡ ಸಿಕ್ಕಿತು. ಕೋಹ್ಲರ್ ಏನು ಮಾಡಿದರು ಗೊತ್ತಾ? 1935ರಲ್ಲಿ ಫ್ಲೆಮಿಂಗ್ಟನ್ ಕೋರ್ಟಿನಲ್ಲಿ, ನ್ಯಾಯಾಧೀಶರ ಮೇಜಿಗೇ ಮರ ಹಿಡಿದಿಡುವ ವೈಸ್ ಬಿಗಿದು, ಆ ತೋಪಡದಿಂದ ಒಂದು ಮರದ ತುಂಡನ್ನು ಹೊಡೆದು ತೋರಿಸಿದರು. ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರು, ನಾವು ಚಿಕ್ಕವರಿದ್ದಾಗ ನಾಣ್ಯದ ಮೇಲೆ ಉಜ್ಜುತ್ತಿದ್ದೆವಲ್ಲ, ಹಾಗೆ. ಏಣಿಯ ಗೀರು, ಈ ಗೀರು ಎರಡನ್ನೂ ಜ್ಯೂರಿಗೆ ತೋರಿಸಿದರು.

ಉಳಿ ಸುತ್ತಿಗೆ
ಭಾನುವಾರ, ರಾತ್ರಿ 9:25

ಓದಿ ಮೈ ಜುಂ ಅಂತು. ಆದರೆ 1932ರ ಮಾರ್ಚಿನಿಂದ 1934ರ ಸೆಪ್ಟೆಂಬರ್ ಅಂದರೆ ಎರಡೂವರೆ ವರ್ಷ. ಅಷ್ಟು ದಿನ ಒಬ್ಬ ಬಡಗಿ ತನ್ನ ತೋಪಡಕ್ಕೆ ಸಾಣೆ ಹಿಡಿಯಲೇ ಇಲ್ಲವಾ? ಅದೇ ಮುಕ್ಕು ಉಳಿದಿತ್ತಾ? ನಮ್ಮಲ್ಲಿ ದಿನಾ ಕೆಲಸ ಇದ್ದರೆ ವಾರಕ್ಕೆ ಎರಡು ಸಲ ಹಿಡಿಯುತ್ತೇವೆ.

ಮ್ಯಾಡಿಸನ್ ಕನ್ನಡಿಗ
ಭಾನುವಾರ, ರಾತ್ರಿ 10:05

ಅವನು ಆ ತೋಪಡವನ್ನು ಹೆಚ್ಚು ಬಳಸದೆ ಇಟ್ಟಿದ್ದರೆ ಮುಕ್ಕು ಉಳಿದಿರಲು ಸಾಧ್ಯ. ನಿಮ್ಮ ಪ್ರಶ್ನೆ ಮಾತ್ರ ಸರಿಯಾದ ಪ್ರಶ್ನೆ. ಅವನಿಗೆ 1936ರ ಏಪ್ರಿಲ್ 3ರಂದು ಮರಣದಂಡನೆ ಆಯಿತು. ಅವನೇ ಮಾಡಿದ್ದಾ, ಒಬ್ಬನೇ ಮಾಡಿದ್ದಾ ಅಂತ ಇವತ್ತಿಗೂ ಜನ ವಾದ ಮಾಡುತ್ತಾರೆ. ಏಣಿಯ ಒಂದು ಹಲಗೆ ಅವನ ಮನೆಯ ಅಟ್ಟದ ನೆಲದಿಂದ ಬಂದಿದ್ದು ಅಂತ ಕೋಹ್ಲರ್ ಹೇಳಿದ್ದರ ಮೇಲೇ ಜಗಳ ಜಾಸ್ತಿ. ನನಗೆ ಮಾತ್ರ ಪ್ಲೇನರ್ ಯಂತ್ರದ ಕೆಲಸ ಇಷ್ಟ. ಆರೋಪಿಯ ಮುಖ ನೋಡುವ ಮೊದಲೇ ಮಾಡಿದ ಕೆಲಸ ಅದು. ಇಂಥವನೇ ಇರಬೇಕು ಅನ್ನೋ ಆಸೆ ಅದರಲ್ಲಿ ಸೇರಿಕೊಳ್ಳೋಕೆ ದಾರಿಯೇ ಇರಲಿಲ್ಲ.

ಲ್ಯಾಬ್ ಮೇಷ್ಟ್ರು
ಭಾನುವಾರ, ರಾತ್ರಿ 10:30

ಆ ಕೊನೆಯ ಮಾತನ್ನು ಪ್ರತಿ ಲ್ಯಾಬಿನ ಗೋಡೆ ಮೇಲೆ ಬರೆಯಬೇಕು. ನಮಗೆ ಪಾರ್ಸೆಲ್ ಬರುವಾಗ ಜೊತೆಗೆ ಪತ್ರ ಬರುತ್ತದೆ, "ಆರೋಪಿಯಿಂದ ವಶಪಡಿಸಿಕೊಂಡ ಹಾರೆ" ಅಂತ. ಆ ಒಂದು ಸಾಲು ಕಣ್ಣಿಗೆ ಬಿದ್ದ ಮೇಲೆ ಗೀರು ನೋಡುವ ಕಣ್ಣು ಬೇರೆಯಾಗುತ್ತದೆ. ನನಗೂ ಆಗಿದೆ. ಮೊದಲು ಗುರುತನ್ನು ಒಂದೇ ಇಟ್ಟುಕೊಂಡು ಅದರಲ್ಲಿ ಏನಿದೆ ಅಂತ ಬರೆದಿಡಬೇಕು. ಆಮೇಲೆ ಆಯುಧದ ಪೊಟ್ಟಣ ಬಿಚ್ಚಬೇಕು. ಇದನ್ನು ನಾನು ತಡವಾಗಿ ಕಲಿತೆ.

ಬೋರ್‌ವೆಲ್ ರೈತ
ಸೋಮವಾರ, ಬೆಳಿಗ್ಗೆ 6:15

ನಮ್ಮ ಕಡೆ ಪಂಪ್‌ಸೆಟ್ ಕೇಬಲ್ ಕತ್ತರಿಸಿಕೊಂಡು ಹೋಗುತ್ತಾರೆ. ಎರಡು ವರ್ಷದಲ್ಲಿ ನನ್ನ ತೋಟದಲ್ಲೇ ಮೂರು ಸಲ. ತಾಮ್ರ ಮಾರೋಕೆ. ಆ ಕತ್ತರಿಸಿದ ತುದಿಯಿಂದ ಏನಾದರೂ ಗೊತ್ತಾಗುತ್ತಾ?

ಲ್ಯಾಬ್ ಮೇಷ್ಟ್ರು
ಸೋಮವಾರ, 7:50

ತಾಮ್ರದ ತುದಿ ಒಳ್ಳೆ ಸಾಕ್ಷಿ. ಮೆತ್ತಗಿನ ಲೋಹ, ಕಟಿಂಗ್ ಪ್ಲೇಯರಿನ ಅಂಚಿನ ಗೀರನ್ನು ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಸಾಮಾನ್ಯವಾಗಿ ಏನಾಗುತ್ತದೆ ನೋಡಿ. ನೀರು ಬಿಡಬೇಕು, ಬೆಳೆ ಒಣಗುತ್ತದೆ. ಎಲೆಕ್ಟ್ರಿಷಿಯನ್ ಬಂದು ಆ ತುದಿಯನ್ನು ಕತ್ತರಿಸಿ ಹೊಸ ಕೇಬಲ್ ಸೇರಿಸುತ್ತಾರೆ. ಕಳ್ಳನ ಗುರುತು ಮಣ್ಣಿಗೆ ಹೋಗುತ್ತದೆ. ಮುಂದಿನ ಸಲ ಹೀಗೆ ಮಾಡಿ. ಮೊದಲು ಫೋಟೋ. ಕಳ್ಳ ಕತ್ತರಿಸಿದ ತುದಿಯಿಂದ ಒಂದು ಗೇಣು ಬಿಟ್ಟು ಒಳಗಡೆ ಕತ್ತರಿಸಿಸಿ. ನೀವು ಕತ್ತರಿಸಿದ ಬದಿಗೆ ಕೆಂಪು ದಾರ ಕಟ್ಟಿ. ಕಳ್ಳನ ತುದಿಗೆ ಏನೂ ತಾಗದ ಹಾಗೆ ಕಾಗದದ ಲಕೋಟೆಯಲ್ಲಿ ಹಾಕಿ, ದೂರು ಕೊಡುವಾಗ ಒಪ್ಪಿಸಿ, ಮಹಜರಿನಲ್ಲಿ ಬರೆಸಿ.

ಇದರಲ್ಲೂ ಒಂದು ಎಚ್ಚರ ಬೇಕು. ತಂತಿ 2 ಮಿಲಿಮೀಟರ್ ದಪ್ಪ, ಪ್ಲೇಯರಿನ ಅಲಗು 15 ಮಿಲಿಮೀಟರ್ ಉದ್ದ ಅಂತ ಇಟ್ಟುಕೊಳ್ಳಿ. ತಂತಿ ಆ ಅಲಗಿನ ಯಾವ ಜಾಗದಲ್ಲಿ ಸಿಕ್ಕಿಕೊಂಡಿತ್ತು ಅಂತ ಗೊತ್ತಿಲ್ಲ. ಒಂದು ಮೈಯಲ್ಲಿ ಕಡಿಮೆ ಅಂದರೂ 7 ಜಾಗ. ಎರಡು ಅಲಗು, ಒಂದೊಂದಕ್ಕೂ ಎರಡು ಮೈ. ಒಟ್ಟು 28 ಕಡೆ ಹೋಲಿಸಿ ನೋಡುತ್ತೇವೆ. ಒಂದು ಸಲದ ಹೋಲಿಕೆಯಲ್ಲಿ ಅಕಸ್ಮಾತ್ ಹೊಂದಿಬಿಡುವ ಸಾಧ್ಯತೆ ನೂರಕ್ಕೆ 1 ಇದ್ದರೂ, 28 ಸಲ ನೋಡಿದಾಗ ಎಲ್ಲೋ ಒಂದು ಕಡೆ ಹೊಂದಿಬಿಡುವ ಸಾಧ್ಯತೆ ನೂರಕ್ಕೆ 24ರ ಆಚೆ ಹೋಗುತ್ತದೆ. ಈ ಸಂಖ್ಯೆಗಳು ವಿಷಯ ಅರ್ಥವಾಗಲಿ ಅಂತ ನಾನೇ ಹಾಕಿದ್ದು. ಆದರೆ ಲೆಕ್ಕದ ದಾರಿ ನಿಜ. ತಂತಿ ಕತ್ತರಿಸಿದ ಗುರುತಿನ ಬಗ್ಗೆ 2024ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞರು ಇದನ್ನೇ ಎತ್ತಿ ತೋರಿಸಿದರು. ಹೋಲಿಕೆ ಜಾಸ್ತಿಯಾದಷ್ಟೂ ಸುಳ್ಳು ಹೊಂದಿಕೆ ಜಾಸ್ತಿ. ನಮ್ಮ ಕಾಲದಲ್ಲಿ ಇದನ್ನು ಯಾರೂ ನಮಗೆ ಹೇಳಿಕೊಟ್ಟಿರಲಿಲ್ಲ. ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಕೋರ್ಟ್ ರಸ್ತೆ
ಸೋಮವಾರ, ಮಧ್ಯಾಹ್ನ 1:20

ನಾನು ವಕೀಲೆ. ತೆಂಗಿನ ತೋಟದವರಿಗೆ ಕಾನೂನಿನ ಕಡೆಯಿಂದ ನಾಲ್ಕು ಮಾತು.

ತಜ್ಞರು ಹೇಳೋದು ಅಭಿಪ್ರಾಯ. ಹಳೆಯ ಸಾಕ್ಷ್ಯ ಕಾಯಿದೆಯ 45ನೇ ಕಲಂ, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 39. ಕೋರ್ಟು ಅದನ್ನು ತೂಗಿ ನೋಡುತ್ತದೆ, ಕಣ್ಣು ಮುಚ್ಚಿ ಒಪ್ಪಬೇಕಿಲ್ಲ. ಇಟ್ಟು ನೋಡಿದವರು ಯಾರು? ತಜ್ಞರೇ ಅಲ್ಲ. ಹಾಗಾಗಿ "ಕೂತಿತು" ಅನ್ನೋ ಮಾತಿಗೆ ಕೋರ್ಟಿನಲ್ಲಿ ಬೆಲೆ ತೀರಾ ಕಡಿಮೆ. ಆದರೆ ಊರಿನಲ್ಲಿ ಆ ಮಾತಿಗೆ ಬೆಲೆ ಬಂದುಬಿಡುತ್ತದೆ, ಆ ಹುಡುಗನಿಗೆ ನಾಳೆಯಿಂದ ಕೆಲಸ ಸಿಗಲ್ಲ. ನನಗೆ ಹೊಟ್ಟೆ ಉರಿಯೋದು ಅದಕ್ಕೆ.

ಫ್ಲೋರಿಡಾದ ಒಂದು ಪ್ರಕರಣ ನಾನು ಯಾವಾಗಲೂ ನೆನಪಿಸಿಕೊಳ್ಳುತ್ತೇನೆ. ಕೊಲೆಯಾದವರ ಮೃದು ಎಲುಬಿನಲ್ಲಿ ಚಾಕುವಿನ ಗುರುತಿತ್ತು. ಈ ಚಾಕು ಬಿಟ್ಟು ಲೋಕದ ಬೇರೆ ಯಾವ ಚಾಕುವೂ ಅಲ್ಲ ಅಂತ ತಜ್ಞರು ಹೇಳಿದರು. ರಮಿರೆಜ್ ಅನ್ನುವವನಿಗೆ ಶಿಕ್ಷೆ ಆಯಿತು. ಅಲ್ಲಿನ ಸುಪ್ರೀಂ ಕೋರ್ಟು 1989, 1995, 2001, ಹೀಗೆ ಮೂರು ಸಲ ಆ ಶಿಕ್ಷೆಯನ್ನು ತಳ್ಳಿಹಾಕಿತು. ಮೂರನೇ ಸಲ ಈ ಚಾಕು ಗುರುತಿನ ವಿಧಾನವೇ ಒಪ್ಪುವಂಥದ್ದಲ್ಲ ಅಂದಿತು. ಅಷ್ಟು ಖಚಿತವಾಗಿ ಹೇಳೋಕೆ ಬೇಕಾದ ಪರೀಕ್ಷೆ, ತಪ್ಪಿನ ಲೆಕ್ಕ ಎಲ್ಲಿದೆ ಅಂತ ಕೇಳಿತು. 2009ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವರದಿಯೂ ಇದೇ ಪ್ರಶ್ನೆ ಎತ್ತಿತು.

ಇನ್ನು ನಿಮ್ಮ ಕೆಲಸಕ್ಕೆ ಬರುವ ವಿಷಯ. ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 176(3) ಪ್ರಕಾರ, 7 ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆ ಇರುವ ಅಪರಾಧದಲ್ಲಿ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಬರಬೇಕು, ವಿಡಿಯೋ ಆಗಬೇಕು. ರಾಜ್ಯಗಳಿಗೆ ಇದನ್ನು ಜಾರಿಗೆ ತರಲು 5 ವರ್ಷದ ಗಡುವು ಇದೆ. ವಾಸದ ಮನೆಯ ಕಳ್ಳತನಕ್ಕೆ ಐಪಿಸಿ ಜಾಗಕ್ಕೆ ಬಂದ ನ್ಯಾಯ ಸಂಹಿತೆಯ 305ರಲ್ಲಿ 7 ವರ್ಷದವರೆಗೆ ಶಿಕ್ಷೆ ಇದೆ. ಹಾಗಾಗಿ ಬರೆದು ಕೇಳಿ. ಬಾಯಲ್ಲಿ ಬೇಡ. ಅರ್ಜಿಗೆ ಹಿಂಬರಹ ತಗೊಳ್ಳಿ.

ಧಾರವಾಡದ ಓದುಗ
ಸೋಮವಾರ, 3:45

ಕಲಬುರ್ಗಿ ಸರ್ ಮತ್ತು ಗೌರಿ ಲಂಕೇಶ್ ಅವರಿಗೆ ಬಳಸಿದ ಪಿಸ್ತೂಲು ಒಂದೇ ಅಂತ ಲ್ಯಾಬ್ ವರದಿ ಬಂದಿತ್ತಲ್ಲ, ಅದೂ ಇದೇ ವಿದ್ಯೆಯಾ?

ಲ್ಯಾಬ್ ಮೇಷ್ಟ್ರು
ಸೋಮವಾರ, 4:30

ಹೌದು, ಇದೇ ಮನೆತನದ್ದು. ಬಂದೂಕಿನ ನಳಿಗೆ, ಗುಂಡು ಸಿಡಿಸಲು ಬಡಿಯುವ ಸೂಜಿ ಎಲ್ಲ ಆಯುಧವೇ. ಗುಂಡಿನ ಮೇಲೆ, ಗುಂಡು ಹಾರಿದಾಗ ಉಳಿಯುವ ಖಾಲಿ ಕೇಸಿನ (ಕವಚದ) ಮೇಲೆ ಗುರುತು ಬಿಡುತ್ತವೆ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ನಡೆದ ಎರಡೂ ಕೊಲೆಗೆ ಒಂದೇ 7.65 ಎಂಎಂ ನಾಡ ಪಿಸ್ತೂಲು ಅನ್ನುವ ವರದಿ ಆರೋಪಪಟ್ಟಿಯಲ್ಲಿ ಸೇರಿದೆ. ತೀರ್ಮಾನ ಕೋರ್ಟಿಗೆ ಬಿಟ್ಟದ್ದು. ನಾನು ಹೇಳೋದಿಷ್ಟೇ. ಎರಡು ವರ್ಷದ ಅಂತರದ ಎರಡು ಘಟನೆಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಆಗಿದ್ದು, ಧಾರವಾಡದಲ್ಲಿ ಯಾರೋ ಆ ಖಾಲಿ ಕೇಸುಗಳನ್ನು ಜೋಪಾನವಾಗಿ ಎತ್ತಿಟ್ಟಿದ್ದರಿಂದ.

ತೆಂಗಿನ ತೋಟ
ಸೋಮವಾರ, ರಾತ್ರಿ 9:00

ಎಲ್ಲರಿಗೂ ಕೈ ಮುಗಿದೆ. ಮೇಷ್ಟ್ರೇ, ನೀವು ಹೇಳಿದಂತೆ ಅಪ್ಪ ಟಾರ್ಚ್ ಹಿಡಿದು ನೋಡಿದರು. ಬೀರುವಿನ ಬಾಗಿಲ ಅಂಚಿನಲ್ಲಿ, ಕೀಲಿಯ ಹತ್ತಿರ, ಮೀಟಿದ ಗುರುತಿದೆ. ಟಾರ್ಚನ್ನು ಅಡ್ಡಲಾಗಿ ಹಿಡಿದಾಗ ಸಣ್ಣ ಸಣ್ಣ ಗೀರು ಸಾಲಾಗಿ ಕಾಣುತ್ತವೆ. ಇಲ್ಲಿ ಯಾರೂ ಹಾರೆ ಇಟ್ಟು ನೋಡಿಲ್ಲ. ಹಿತ್ತಲ ಬಾಗಿಲಲ್ಲೇ ಕೂತಿತು ಅಂತ ಅಲ್ಲಿಗೇ ಬಿಟ್ಟಿದ್ದರು.

ಲ್ಯಾಬ್ ಮೇಷ್ಟ್ರು
ಸೋಮವಾರ, ರಾತ್ರಿ 9:08

ಇದು ಚಿನ್ನದಂಥ ಸುದ್ದಿ. ಮರ ದಪ್ಪ ಎಳೆಯದು, ಸೂಕ್ಷ್ಮ ಗೀರನ್ನು ಅಷ್ಟಾಗಿ ಹಿಡಿಯಲ್ಲ, ಮಳೆಗೆ ಉಬ್ಬುತ್ತದೆ ಬೇರೆ. ಬಣ್ಣ ಹೊಡೆದ ತಗಡು ಹಿಡಿಯುತ್ತದೆ. ಆ ಜಾಗಕ್ಕೆ ಒಂದು ಬಿಳಿ ಕಾಗದವನ್ನು ಸಡಿಲವಾಗಿ ಹೊದಿಸಿ, ಟೇಪನ್ನು ಗುರುತಿನಿಂದ ದೂರ ಅಂಟಿಸಿ. ಒರೆಸಬೇಡಿ, ಎಣ್ಣೆ ಹಚ್ಚಬೇಡಿ. ಹಾರೆಯ ತುದಿಗೆ ಬೇರೆ ಪೊಟ್ಟಣ ಕಟ್ಟಿ ಸೀಲು ಹಾಕಲು ಅರ್ಜಿಯಲ್ಲೇ ಕೇಳಿ. ಹಿತ್ತಲ ಬಾಗಿಲಿಗೆ ಹಾರೆ ಇಟ್ಟು ನೋಡಿದ್ದನ್ನೂ ಮುಚ್ಚಿಡದೆ ಬರೆಯಿರಿ. ಲ್ಯಾಬಿನವರಿಗೆ ಅದು ಗೊತ್ತಿರಬೇಕು.

ಆ ಹುಡುಗನ ಹಾರೆಯೇ ಅಲ್ಲ ಅಂತ ಸಾಬೀತಾಗಬೇಕಿದ್ದರೂ ಈ ಬೀರುವಿನ ಗುರುತೇ ಬೇಕು.

ತೆಂಗಿನ ತೋಟ
ಮುಂದಿನ ಶನಿವಾರ, ಸಂಜೆ 6:20

ಬರೆದು ಕೊಟ್ಟೆವು, ಹಿಂಬರಹ ತಗೊಂಡೆವು. ಗುರುವಾರ ಇಬ್ಬರು ತಜ್ಞರು ಬಂದರು. ಬೀರುವಿನ ಮುಂದೆ ಅಳತೆ ಪಟ್ಟಿ ಇಟ್ಟು, ಒಂದು ಬದಿಯಿಂದ ಬೆಳಕು ಬಿಟ್ಟು ತುಂಬಾ ಫೋಟೋ ತೆಗೆದರು. ಆಮೇಲೆ ರಬ್ಬರಿನ ಅಚ್ಚು. ಹತ್ತು ನಿಮಿಷದಲ್ಲಿ ಗಟ್ಟಿಯಾಯಿತು. ತೆಗೆದಾಗ ಅಮ್ಮ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ತಗಡಿನಲ್ಲಿದ್ದ ಗೀರೆಲ್ಲ ಅದರ ಮೇಲೆ ಎದ್ದು ಕಾಣುತ್ತಿದ್ದವು.

ಹಾರೆಯನ್ನೂ ಸೀಲು ಮಾಡಿ ಮಡಿವಾಳದ ಲ್ಯಾಬಿಗೆ ಕಳಿಸುತ್ತೇವೆ ಅಂದಿದ್ದಾರೆ. ವರದಿ ಬರೋಕೆ ಸಮಯ ಬೇಕಂತೆ. ಅಪ್ಪ ಇವತ್ತು ಆ ಹುಡುಗನನ್ನು ಕರೆದು ನಮ್ಮ ಕಾಂಪೌಂಡಿನ ಗಾರೆ ಕೆಲಸ ಕೊಟ್ಟರು. ಬೀದಿಯವರು ನೋಡಲಿ ಅಂತ ಬೆಳಿಗ್ಗೆಯೇ ಕರೆದರು.